ಈ ವರ್ಷದ ಮಳೆ, ಮೂವತ್ತು ವರ್ಷದ ಮಳೆ: ಹಾಸನ–ಚಿಕ್ಕಮಗಳೂರು ಬೆಳೆಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಮೂಡಿಗೆರೆಯಲ್ಲಿ ಜುಲೈ ಪೂರ್ತಿ ಸೂರ್ಯನ ಮುಖ ಕಾಣದಿದ್ದರೆ “ಭೂಮಿ ಬಿಸಿಯಾಗ್ತಿದೆ ಅಂತೀರಲ್ಲ, ಎಲ್ಲಿ?” ಎನ್ನುವವರು ಸಿಗುತ್ತಾರೆ. ಅದೇ ವಾರ ಕಡೂರಿನಲ್ಲಿ ಪೈರು ಬಾಡಿದರೆ “ಎಲ್ಲಾ ಹವಾಮಾನ ಬದಲಾವಣೆಯಿಂದಲೇ” ಎನ್ನುವವರೂ ಸಿಗುತ್ತಾರೆ. ಒಂದು ವಾರದ ಮಳೆ ನೋಡಿ ಆಡಿದ ಈ ಎರಡು ಮಾತಿಗೂ ತೂಕವಿಲ್ಲ. ಕೆಳಗಿರುವುದು ಎರಡೂ ಜಿಲ್ಲೆಯ ಕಾಫಿ, ಅಡಿಕೆ, ಮೆಣಸು, ತೆಂಗು, ರಾಗಿ ಬೆಳೆಗಾರರಿಂದ ಹೆಚ್ಚಾಗಿ ಬರುವ ಪ್ರಶ್ನೆಗಳು. ತೋಟದಲ್ಲಿ ಮಳೆ ಪುಸ್ತಕ (ದಿನದಿನದ ಮಳೆ ಅಳೆದು ಬರೆದಿಡುವ ಪುಸ್ತಕ) ಇಟ್ಟವರು 6 ಮತ್ತು 7ನೇ ಪ್ರಶ್ನೆಗೆ ನೇರ ಹೋಗಬಹುದು.

1. ಹವಾಮಾನ, ವಾಯುಗುಣ ಎರಡೂ ಒಂದೇ ಅಲ್ಲವೇ?

ಅಲ್ಲ. ಇವತ್ತು ಸಕಲೇಶಪುರದಲ್ಲಿ ಎಷ್ಟು ಮಳೆ, ಎಷ್ಟು ಚಳಿ ಎಂಬುದು ಹವಾಮಾನ. ಸಕಲೇಶಪುರದಲ್ಲಿ ಜುಲೈ ಎಂದರೆ ಸಾಮಾನ್ಯವಾಗಿ ಎಷ್ಟು ಮಳೆ, ಆ ಸಾಮಾನ್ಯದಿಂದ ಎಷ್ಟು ಹೆಚ್ಚು ಕಡಿಮೆಯಾದರೆ ಸಹಜ, ಎಷ್ಟಾದರೆ ಅಪರೂಪ ಎಂಬುದೆಲ್ಲ ಸೇರಿ ವಾಯುಗುಣ. ಎರಡನೆಯದಕ್ಕೆ ಕನಿಷ್ಠ 30 ವರ್ಷದ ಲೆಕ್ಕ ಬೇಕೆಂದು ವಿಶ್ವ ಹವಾಮಾನ ಸಂಸ್ಥೆ ನಿಗದಿ ಮಾಡಿದೆ. ಈಗ ಬಳಕೆಯಲ್ಲಿರುವುದು 1991–2020ರ ಅವಧಿ. ಭಾರತ ಹವಾಮಾನ ಇಲಾಖೆ ದೇಶದ ಮುಂಗಾರಿಗೆ ಇನ್ನೂ ಉದ್ದದ 1971–2020ರ ಸರಾಸರಿಯನ್ನು ಹಿಡಿಯುತ್ತದೆ. ಅದರ ಪ್ರಕಾರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶಕ್ಕೆ ಸುಮಾರು 87 ಸೆಂ.ಮೀ. ಮಳೆ. ಇದಕ್ಕೆ ಮುಂಚೆ 1961–2010ರ ಲೆಕ್ಕದಲ್ಲಿ ಅದು 88 ಇತ್ತು.

ಪತ್ರಿಕೆಯಲ್ಲಿ ‘ವಾಡಿಕೆ ಮಳೆ’ ಎಂದು ಬರುವುದೂ ಈ ಜಾತಿಯ ಸರಾಸರಿಯೇ. ಒಂದು ಜಿಲ್ಲೆಯ ಮಳೆ ವಾಡಿಕೆಗಿಂತ 19%ರವರೆಗೆ ಹೆಚ್ಚಾಗಲಿ ಕಡಿಮೆಯಾಗಲಿ, ಇಲಾಖೆಯ ಭಾಷೆಯಲ್ಲಿ ಅದು ‘ಸಾಮಾನ್ಯ’ವೇ. 20%ರಿಂದ 59% ಕಡಿಮೆಯಾದರೆ ಕೊರತೆ, 60% ದಾಟಿದರೆ ತೀವ್ರ ಕೊರತೆ. ಜಿಲ್ಲೆಗೆ “ವಾಡಿಕೆಗಿಂತ 12% ಕಡಿಮೆ” ಎಂಬ ಸುದ್ದಿ ಓದಿ ಗಾಬರಿ ಬೀಳುವ ಅಗತ್ಯವಿಲ್ಲ.

2. ಮುಂದಿನ ವಾರದ ಮಳೆಯೇ ಸರಿಯಾಗಿ ಹೇಳೋಕೆ ಬರಲ್ಲ. 2050ರದ್ದು ಹೇಗೆ ಹೇಳ್ತಾರೆ?

ಪ್ರಶ್ನೆ ನ್ಯಾಯವಾದದ್ದು. ಆದರೆ ಎರಡೂ ಬೇರೆ ಬೇರೆ ಲೆಕ್ಕ.

ಚೌಕಾಬಾರ ಆಡುವಾಗ ನಾಲ್ಕು ಕವಡೆ ಎಸೆಯುತ್ತೇವೆ. ಕವಡೆ ಬಾಯಿ ಮೇಲಾಗಿ ಬೀಳುವುದೂ ಬೋರಲಾಗಿ ಬೀಳುವುದೂ ಸಮಸಮ ಎಂದುಕೊಂಡರೆ, ನಾಲ್ಕೂ ಬಾಯಿ ಮೇಲಾಗುವ ಚೌಕ ನೂರು ಎಸೆತಕ್ಕೆ ಸುಮಾರು ಆರು ಸಲ ಬೀಳಬೇಕು. ಯಾರೋ ಕವಡೆಗಳ ಬೆನ್ನನ್ನು ಸ್ವಲ್ಪ ತೇಯ್ದು ಚಪ್ಪಟೆ ಮಾಡಿದರು ಎನ್ನಿ. ಈಗ ಪ್ರತಿ ಕವಡೆಯೂ ಹತ್ತಕ್ಕೆ ಐದು ಸಲದ ಬದಲು ಆರು ಸಲ ಬಾಯಿ ಮೇಲಾಗುತ್ತದೆ. ಮುಂದಿನ ಎಸೆತದಲ್ಲಿ ಏನು ಬೀಳುತ್ತದೆಂದು ಆಗಲೂ ಯಾರೂ ಹೇಳಲಾರರು. ಆದರೆ ನೂರು ಎಸೆತದಲ್ಲಿ ಚೌಕ ಸುಮಾರು ಹದಿಮೂರು ಸಲ ಬೀಳುತ್ತದೆ ಎಂದು ಮೊದಲೇ ಬರೆದುಕೊಡಬಹುದು. ಕವಡೆಯಲ್ಲಿ ಆದದ್ದು ಸಣ್ಣ ಬದಲಾವಣೆ. ಅಪರೂಪದ ಗರ ಮಾತ್ರ ದುಪ್ಪಟ್ಟಾಯಿತು. ಸರಾಸರಿ ಉಷ್ಣಾಂಶ ಒಂದು ಡಿಗ್ರಿ ಏರಿದ್ದಕ್ಕೆ ಇಷ್ಟೊಂದು ಮಾತೇಕೆ ಎನ್ನುವವರಿಗೂ ಉತ್ತರ ಇದರಲ್ಲೇ ಇದೆ.

ದಿನದ ಮುನ್ಸೂಚನೆ ಇವತ್ತಿನ ಗಾಳಿ, ತೇವ, ಒತ್ತಡದಿಂದ ಹೊರಡುತ್ತದೆ. ಆರಂಭದ ಅಳತೆಯಲ್ಲಿರುವ ಕಿಂಚಿತ್ ತಪ್ಪು ದಿನ ಕಳೆದಂತೆ ಹಿಗ್ಗುತ್ತಾ ಹೋಗುತ್ತದೆ ಎಂದು ಎಡ್ವರ್ಡ್ ಲೊರೆಂಜ್ 1963ರಲ್ಲೇ ತೋರಿಸಿದ್ದರು. ಹೆಚ್ಚೆಂದರೆ ಎರಡು ವಾರ, ಆಮೇಲೆ ದಿನವಾರು ಮುನ್ಸೂಚನೆಗೆ ಬೆಲೆಯಿಲ್ಲ. ವಾಯುಗುಣದ ಲೆಕ್ಕ ನಿಂತಿರುವುದು ಭೂಮಿಗೆ ಎಷ್ಟು ಶಾಖ ಬರುತ್ತದೆ, ಎಷ್ಟು ಹೊರಹೋಗುತ್ತದೆ ಎಂಬುದರ ಮೇಲೆ. ಆ ಹೊರಹೋಗುವ ಶಾಖಕ್ಕೆ ಅಡ್ಡ ನಿಲ್ಲುವ ಇಂಗಾಲದ ಡೈಆಕ್ಸೈಡ್ ಕೈಗಾರಿಕೆ ಶುರುವಾಗುವ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇತ್ತು. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಶುರುವಾದಾಗ 315ರ ಆಸುಪಾಸು. ಈಗ 420 ದಾಟಿದೆ.

3. ಈ ಸಲ ಚಳಿ ವಿಪರೀತ. ಹಾಗಾದರೆ ಬಿಸಿಯಾಗುತ್ತಿದೆ ಎನ್ನುವುದು ಸುಳ್ಳಲ್ಲವೇ?

ಚಿಕ್ಕಮಗಳೂರಿನಲ್ಲಿ ಜನವರಿಯ ಬೆಳಗಿಗೂ ಅದೇ ದಿನದ ಮಧ್ಯಾಹ್ನಕ್ಕೂ ಹತ್ತು ಡಿಗ್ರಿಗಿಂತ ಹೆಚ್ಚು ಅಂತರ ಇರುವುದುಂಟು. ಮೋಡವಿಲ್ಲದ, ಗಾಳಿ ನಿಂತ ರಾತ್ರಿಯಲ್ಲಿ ನೆಲದ ಶಾಖ ಸರ್ರನೆ ಮೇಲಕ್ಕೆ ಹೋಗುತ್ತದೆ, ಬೆಳಗಿನ ಜಾವ ತಣ್ಣಗಾಗುತ್ತದೆ. ಮೋಡ ಕವಿದ ರಾತ್ರಿ ಅಷ್ಟು ಚಳಿ ಇರುವುದಿಲ್ಲ. ಇನ್ನೊಂದು ಕಡೆ, ಭಾರತದ ಸರಾಸರಿ ಉಷ್ಣಾಂಶ 1901ರಿಂದ 2018ರವರೆಗೆ ಏರಿದ್ದು ಸುಮಾರು 0.7 ಡಿಗ್ರಿ. ಒಂದೇ ದಿನದಲ್ಲಿ ಹತ್ತು ಡಿಗ್ರಿ ಏರಿಳಿಯುವ ಊರಿನಲ್ಲಿ, ನೂರು ವರ್ಷಕ್ಕೂ ಮೀರಿ ನಡೆದ ಮುಕ್ಕಾಲು ಡಿಗ್ರಿಯ ಏರಿಕೆ ಮೈಗೆ ತಿಳಿಯುವುದಿಲ್ಲ. ಥರ್ಮಾಮೀಟರ್ ಪುಸ್ತಕಕ್ಕೆ ತಿಳಿಯುತ್ತದೆ. 1901ರಿಂದ ಇಟ್ಟಿರುವ ದೇಶದ ದಾಖಲೆಯಲ್ಲಿ 2024 ಅತಿ ಬಿಸಿಯ ವರ್ಷ. ಆ ವರ್ಷದಲ್ಲೂ ಚಳಿ ಕಾಯಿಸಿಕೊಂಡ ಬೆಳಗುಗಳು ಇದ್ದೇ ಇದ್ದವು.

4. 2025ರಲ್ಲಿ ಮೇ ತಿಂಗಳಲ್ಲೇ ಮುಂಗಾರು ಬಂತು. ಇನ್ನು ಮುಂದೆ ಹೀಗೇನಾ?

ಒಂದು ವರ್ಷದಿಂದ ಹಾಗೆ ಹೇಳಲು ಬರುವುದಿಲ್ಲ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಮೇ 24ಕ್ಕೆ ಬಂತು. 2009ರಲ್ಲಿ ಮೇ 23ಕ್ಕೇ ಬಂದಿತ್ತು, ಆ ವರ್ಷ ದೇಶಕ್ಕೆ ಬರ. 2019ರಲ್ಲೂ 2023ರಲ್ಲೂ ಜೂನ್ 8ಕ್ಕೆ ಬಂತು. 2019 ಕೊನೆಗೆ ನೆರೆಯ ವರ್ಷವಾಯಿತು, 2023 ಬರದ ವರ್ಷವಾಯಿತು. ಬೇಗ ಬಂದ ಮಳೆ ಚೆನ್ನಾಗಿಯೇ ಸುರಿಯುತ್ತದೆ ಎಂಬ ಲೆಕ್ಕ ನಿಲ್ಲುವುದಿಲ್ಲ.

ಬೇಗ ಬಂದರೆ ನಿಜವಾದ ತೊಂದರೆ ಬೇರೆ ಕಡೆ. ಅಡಿಕೆಗೆ ಕೊಳೆರೋಗ ತಡೆಯಲು ಮೊದಲ ಸಲ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಹಿಡಿಯುವ ಮುಂಚೆ. ಜೂನ್ ಮೊದಲ ವಾರ ನಂಬಿ ಕೂತವರಿಗೆ ಇಂಥ ವರ್ಷ ಗೊನೆ ಒಣಗಿರುವ ದಿನವೇ ಸಿಗುವುದಿಲ್ಲ. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್: ಈ ಸಾಮಾನು ಮೇ ಎರಡನೇ ವಾರಕ್ಕೇ ಮನೆಯಲ್ಲಿ ಇರಲಿ, ಮರ ಹತ್ತುವವರಿಗೂ ಆಗಲೇ ಹೇಳಿಡಿ.

5. ಅಜ್ಜನ ಕಾಲದಲ್ಲಿ ಮಳೆ ಗಡಿಯಾರದಂತೆ ಬರ್ತಿತ್ತಂತೆ. ಈಗ ಕೆಟ್ಟಿದೆ ಅಲ್ಲವೇ?

ಅಜ್ಜ ಸುಳ್ಳು ಹೇಳುತ್ತಿಲ್ಲ. ಆದರೆ ನೆನಪು ದೊಡ್ಡದನ್ನು ಉಳಿಸಿಕೊಂಡು ಸಾಧಾರಣವನ್ನು ಬಿಡುತ್ತದೆ. ಹಳೆಯ ಮೈಸೂರು ಸೀಮೆ 1876–78ರಲ್ಲಿ ಧಾತು, ಈಶ್ವರ ಸಂವತ್ಸರಗಳ ಭೀಕರ ಬರ ಕಂಡಿದೆ. 1924ರ ಜುಲೈಯಲ್ಲಿ ಕೇರಳದಲ್ಲೂ ಕಾವೇರಿ ಕೊಳ್ಳದಲ್ಲೂ ಮಹಾ ಪ್ರವಾಹ ಬಂದಿದೆ. ಅಂಥ ವರ್ಷಗಳು ಆಗಲೂ ಇದ್ದವು. ಈಗ ಬದಲಾಗಿದೆಯೇ ಎಂದು ತಿಳಿಯಬೇಕಾದರೆ ಅಜ್ಜನ ಮಾತಿಗಿಂತ ಅಜ್ಜ ಬರೆಸಿಟ್ಟ ಮಳೆ ಪುಸ್ತಕ ಒಳ್ಳೆಯ ಸಾಕ್ಷಿ. ಹಳೆಯ ತೋಟಗಳ ಆಫೀಸಿನ ಬೀರುವಿನಲ್ಲಿ ಅದು ಇನ್ನೂ ಇದ್ದರೆ ಗೆದ್ದಲಿಗೆ ಬಿಡಬೇಡಿ, ಪ್ರತಿ ಪುಟದ ಫೋಟೋ ತೆಗೆದಿಡಿ.

6. ನಮ್ಮ ತೋಟದಲ್ಲಿ ನಲವತ್ತು ವರ್ಷದ ಮಳೆ ಪುಸ್ತಕ ಇದೆ. ಬದಲಾವಣೆ ಆಗಿದೆಯೋ ಇಲ್ಲವೋ ಹೇಗೆ ನೋಡೋದು?

ಅದು ಚಿನ್ನದಂಥ ವಸ್ತು. ಸರಿಯಾಗಿ ನೋಡದಿದ್ದರೆ ತಪ್ಪು ದಾರಿಗೂ ಎಳೆಯುತ್ತದೆ. ಕ್ರಮ ಹೀಗಿರಲಿ.

ಮೊದಲು ಅಳತೆ ಒಂದೇ ಮಾಡಿ. ಹಳೆಯ ಪುಸ್ತಕಗಳಲ್ಲಿ ಇಂಚು–ಸೆಂಟ್ಸ್ ಇರುತ್ತದೆ: ನೂರು ಸೆಂಟ್ಸ್‌ಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿ.ಮೀ. ‘1–5’ ಎಂದು ಬರೆದದ್ದು ಒಂದು ಇಂಚು ಐದು ಸೆಂಟ್ಸೋ ಒಂದೂವರೆ ಇಂಚೋ ಎಂದು ಅದನ್ನು ಬರೆದ ರೈಟರ್‌ನ (ತೋಟದ ಗುಮಾಸ್ತನ) ಬೇರೆ ಪುಟಗಳನ್ನು ನೋಡಿ ತೀರ್ಮಾನಿಸಿ. ಮಿ.ಮೀ.ಗೆ ಬದಲಾದ ವರ್ಷ ಯಾವುದೆಂದು ಗುರುತು ಹಾಕಿ. ಆ ವರ್ಷದಲ್ಲೇ ತಪ್ಪು ಹೆಚ್ಚು.

ಎರಡನೆಯದು, ಖಾಲಿ ಜಾಗ. ಖಾಲಿ ಬಿಟ್ಟ ದಿನವೂ ಸೊನ್ನೆ ಬರೆದ ದಿನವೂ ಒಂದಲ್ಲ. ಭಾನುವಾರಗಳೆಲ್ಲ ಖಾಲಿಯಿದ್ದು ಸೋಮವಾರ ದೊಡ್ಡ ಅಂಕಿ ಇದ್ದರೆ ಎರಡು ದಿನದ್ದು ಸೇರಿದೆ ಎಂದರ್ಥ. ತಿಂಗಳ ಮೊತ್ತಕ್ಕೆ ಇದರಿಂದ ತೊಂದರೆಯಿಲ್ಲ. ‘ಒಂದೇ ದಿನದಲ್ಲಿ ಸುರಿದ ಮಳೆ’ ಎಣಿಸುವಾಗ ಮಾತ್ರ ಆ ಸೋಮವಾರಗಳನ್ನು ಬಿಡಿ. ಮಳೆಗಾಲದ ತಿಂಗಳಲ್ಲಿ ನಾಲ್ಕೈದು ದಿನಕ್ಕಿಂತ ಹೆಚ್ಚು ಖಾಲಿ ಇದ್ದರೆ ಆ ತಿಂಗಳನ್ನೇ ಲೆಕ್ಕದಿಂದ ತೆಗೆಯಿರಿ. ಅಂದಾಜು ತುಂಬಬೇಡಿ.

ಮೂರನೆಯದು, ಬರೀ ವರ್ಷದ ಮೊತ್ತ ನೋಡಬೇಡಿ. ಬೆಳೆಗೆ ಬೇಕಾದ ಸಂಗತಿ ಅದರಲ್ಲಿ ಕಾಣುವುದೇ ಇಲ್ಲ. ಪ್ರತಿ ವರ್ಷಕ್ಕೂ ಇವನ್ನು ಬೇರೆ ಬೇರೆ ಕಂಬದಲ್ಲಿ ಬರೆಯಿರಿ: 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನಗಳು (ಇಲಾಖೆ ‘ಮಳೆ ದಿನ’ ಎನ್ನುವುದು ಇದನ್ನೇ), 64.5 ಮಿ.ಮೀ. ದಾಟಿದ ದಿನಗಳು, ಜೂನ್–ಸೆಪ್ಟೆಂಬರ್ ನಡುವೆ ಮಳೆಯಿಲ್ಲದೆ ಹೋದ ಅತಿ ಉದ್ದದ ಬಿಡುವು, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮೊದಲ ಒಂದಿಂಚು ಹೂಮಳೆ (ಕಾಫಿ ಮೊಗ್ಗು ಅರಳಿಸುವ ಮಳೆ) ಬಿದ್ದ ತಾರೀಕು, ಅದಾದ ಮೇಲೆ ಬ್ಯಾಕಿಂಗ್ ಮಳೆಗೆ (ಅರಳಿದ ಹೂ ಕಾಯಿ ಕಟ್ಟಲು ಬೇಕಾದ ಎರಡನೇ ಮಳೆಗೆ) ಕಾದ ದಿನ, ಕಣದಲ್ಲಿ ಕಾಫಿ ಇರುವ ಡಿಸೆಂಬರ್–ಜನವರಿಯಲ್ಲಿ ಬಿದ್ದ ಮಳೆ. ವರ್ಷದ ಮೊತ್ತ ಕದಲದೆ ನಿಂತಿದ್ದು ಇವುಗಳಲ್ಲಿ ಎರಡು–ಮೂರು ಬದಲಾಗಿರುವುದು ಸಾಧ್ಯ. ಅರ್ಧ ಇಂಚು ಬಿದ್ದು ನಿಂತ ಮಳೆಯಿಂದ ಮೊಗ್ಗು ಅರೆಬರೆಯಾಗಿ ಹಾಳಾದ ವರ್ಷವೂ ಮೊತ್ತದಲ್ಲಿ ಒಳ್ಳೆಯ ವರ್ಷದಂತೆಯೇ ಕಾಣಬಹುದು.

ನಾಲ್ಕನೆಯದು, ಹತ್ತು ವರ್ಷದ ಸರಿಯುವ ಸರಾಸರಿ. 1985–94, 1986–95 ಹೀಗೆ ಒಂದೊಂದೇ ವರ್ಷ ಸರಿಸುತ್ತಾ ಗೆರೆ ಎಳೆಯಿರಿ. ಎಕ್ಸೆಲ್ ಬಲ್ಲವರು ‘ಸ್ಲೋಪ್’ ಸೂತ್ರವನ್ನೂ (ವರ್ಷಕ್ಕೆ ಎಷ್ಟು ಏರಿತು, ಇಳಿಯಿತು ಎಂದು ಹೇಳುತ್ತದೆ) ಹಾಕಬಹುದು. ಮೊದಲ ವರ್ಷ ಮತ್ತು ಕೊನೆಯ ವರ್ಷ ಯಾವುದು ಎನ್ನುವುದರ ಮೇಲೆ ಕಣ್ಣಿರಲಿ. ಕರ್ನಾಟಕಕ್ಕೆ 2001–03 ಬರದ ವರ್ಷಗಳು. ಅಲ್ಲಿಂದ ಶುರು ಮಾಡಿದರೆ ಯಾವ ತೋಟದಲ್ಲೂ ಮಳೆ ‘ಏರಿದಂತೆ’ ಕಾಣುತ್ತದೆ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ 2023ಕ್ಕೆ ಲೆಕ್ಕ ನಿಲ್ಲಿಸಿದರೆ ‘ಇಳಿದಂತೆ’ ಕಾಣುತ್ತದೆ. ಎರಡು ತುದಿಯಿಂದಲೂ ಎರಡೆರಡು ವರ್ಷ ತೆಗೆದು ಮತ್ತೆ ಲೆಕ್ಕ ಹಾಕಿ. ಗೆರೆ ತಲೆಕೆಳಗಾದರೆ ಅಲ್ಲಿ ಪ್ರವೃತ್ತಿಯೇ ಇಲ್ಲ.

ಕೊನೆಯದಾಗಿ, ಅಂತರ ದೊಡ್ಡದೋ ಚಿಕ್ಕದೋ ಎಂಬ ಪರೀಕ್ಷೆ. ಉದಾಹರಣೆಗೆ ತೋಟದ ಸರಾಸರಿ 2,200 ಮಿ.ಮೀ., ವರ್ಷದಿಂದ ವರ್ಷಕ್ಕೆ ಏರುಪೇರು (ಎಕ್ಸೆಲ್‌ನ ‘ಎಸ್‌ಟಿಡೆವ್’) 400 ಮಿ.ಮೀ. ಎಂದುಕೊಳ್ಳಿ. ಹತ್ತು ವರ್ಷದ ಸರಾಸರಿ ಏನೂ ಕಾರಣವಿಲ್ಲದೆಯೇ ಸುಮಾರು 125 ಮಿ.ಮೀ. ಆಚೀಚೆ ಹೋಗುತ್ತದೆ (400ನ್ನು ಹತ್ತರ ವರ್ಗಮೂಲದಿಂದ ಭಾಗಿಸಿ), ಮೂವತ್ತು ವರ್ಷದ್ದು 73. ಹಾಗಾಗಿ ಎರಡು ದಶಕಗಳ ನಡುವೆ 100 ಮಿ.ಮೀ. ಅಂತರ ಕಂಡರೆ ಅದಕ್ಕೆ ಕಾರಣ ಹುಡುಕುತ್ತಾ ಹೋಗುವುದು ವ್ಯರ್ಥ. ಮೂವತ್ತೇ ವರ್ಷ ಯಾಕೆ ಎಂದು ಕೇಳುವವರಿಗೂ ಇದೇ ಉತ್ತರ.

7. ಮಳೆ ಮಾಪಕ ಹೇಗಿಡಬೇಕು? ಪಕ್ಕದ ತೋಟಕ್ಕೂ ನಮಗೂ ಲೆಕ್ಕವೇ ಕೂಡಲ್ಲ.

ಸುಳ್ಳು ‘ವಾಯುಗುಣ ಬದಲಾವಣೆ’ ಹುಟ್ಟುವ ಮುಖ್ಯ ಜಾಗ ಇದು. ಮಾಪಕ ಇಟ್ಟಾಗ ಪಕ್ಕದಲ್ಲಿ ಸಿಲ್ವರ್ ಓಕ್ ಸಸಿ ಎದೆಮಟ್ಟ ಇರುತ್ತದೆ. ಇಪ್ಪತ್ತು ವರ್ಷದಲ್ಲಿ ಅದು ಎಪ್ಪತ್ತು ಅಡಿ ಎದ್ದು ಗಾಳಿಯ ಕಡೆಯಿಂದ ಬರುವ ಓರೆ ಮಳೆಯನ್ನು ತಡೆಯುತ್ತದೆ. ಪುಸ್ತಕದಲ್ಲಿ ಮಳೆ ವರ್ಷವರ್ಷವೂ ಅಷ್ಟಷ್ಟೇ ಇಳಿಯುತ್ತದೆ. ಗೆರೆ ಎಷ್ಟು ಚಂದ ಇಳಿದಿರುತ್ತದೆಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಮರ, ಕಟ್ಟಡ ಯಾವುದೇ ಆಗಲಿ, ಅದರ ಎತ್ತರದ ಎರಡರಷ್ಟಾದರೂ ದೂರದಲ್ಲಿ ಮಾಪಕ ಇರಬೇಕು, ನಾಲ್ಕರಷ್ಟಿದ್ದರೆ ಉತ್ತಮ. ತೋಟದ ಒಳಗೆ ಅಂಥ ಬಯಲು ಸಿಗದಿದ್ದರೆ ಕಣದ ಅಂಚು ಸರಿ. ಮನೆಯ ತಾರಸಿ ಬೇಡ, ಅಲ್ಲಿ ಗಾಳಿ ಸುಳಿದು ಹನಿಗಳನ್ನು ಆಚೆ ಒಯ್ಯುತ್ತದೆ. ಮಾಪಕದ ಬಾಯಿ ನೆಲದಿಂದ 30 ಸೆಂ.ಮೀ. ಮೇಲಿರಲಿ, ರಸಮಟ್ಟ ಇಟ್ಟು ನೋಡಿ.

ಅಳೆಯುವ ಗಾಜು ಒಡೆದರೆ ಅಂಗಡಿಯಲ್ಲಿ ಸಿಕ್ಕಿದ್ದನ್ನು ತರುವುದು ಇನ್ನೊಂದು ಎಡವಟ್ಟು. ಗಾಜಿನ ಗೆರೆಗಳು ಮಾಪಕದ ಬಾಯಿಯ ಅಗಲಕ್ಕೆ ತಕ್ಕಂತೆ ಇರುತ್ತವೆ. ಬಾಯಿ 200 ಚದರ ಸೆಂ.ಮೀ. ಇರುವ ಇಲಾಖೆ ಮಾದರಿಯಲ್ಲಿ 1 ಮಿ.ಮೀ. ಮಳೆಗೆ 20 ಮಿ.ಲೀ. ನೀರು. ಐದಿಂಚು ವ್ಯಾಸದ ಹಳೆಯ ತಾಮ್ರದ ಮಾಪಕದಲ್ಲಿ 12.7 ಮಿ.ಲೀ., ಎಂಟಿಂಚಿನದ್ದರಲ್ಲಿ 32.4. ಅನುಮಾನ ಬಂದರೆ ಔಷಧಿ ಅಂಗಡಿಯ ಸಿರಿಂಜಿನಿಂದ ಅಷ್ಟು ನೀರು ಗಾಜಿಗೆ ಹಾಕಿ, ಗೆರೆ ಸರಿ ಇದೆಯೇ ನೋಡಿ. ಒಳಗಿನ ಬಾಟಲಿಯ ಗಾತ್ರವನ್ನೂ ಗಮನಿಸಿ: 200 ಚದರ ಸೆಂ.ಮೀ. ಬಾಯಿಗೆ ನಾಲ್ಕು ಲೀಟರ್ ಬಾಟಲಿ ಇಟ್ಟರೆ 200 ಮಿ.ಮೀ.ಗೆ ತುಂಬಿ ಹೊರಚೆಲ್ಲುತ್ತದೆ. ಘಟ್ಟದ ಅಂಚಿನ ತೋಟಗಳಿಗೆ ಹತ್ತು ಲೀಟರ್‌ನದೇ ಬೇಕು.

ಓದುವ ಹೊತ್ತು ಬೆಳಗ್ಗೆ 8:30. ಹಿಂದಿನ ದಿನ 8:30ರಿಂದ ಇವತ್ತು 8:30ರವರೆಗೆ ಬಿದ್ದದ್ದನ್ನು ಇವತ್ತಿನ ತಾರೀಕಿಗೆ ಬರೆಯುವುದು ಇಲಾಖೆಯ ಪದ್ಧತಿ. ಪಕ್ಕದ ತೋಟದವರು ‘ನಿನ್ನೆ ಸುರಿದದ್ದು ತಾನೇ’ ಎಂದು ನಿನ್ನೆಗೆ ಬರೆದಿದ್ದರೆ ನಿಮ್ಮಿಬ್ಬರ ಲೆಕ್ಕ ಎಂದಿಗೂ ಕೂಡುವುದಿಲ್ಲ. ಆಲಿಕೆಗೆ ಎಲೆ, ಇರುವೆಗೂಡು ಕಟ್ಟಿಕೊಂಡಿದೆಯೇ ಎಂದು ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೋಡಿ. ಹೂಮಳೆಯ ಮೊದಲ ಅರ್ಧ ಗಂಟೆ ಕಟ್ಟಿದ ಆಲಿಕೆಯಲ್ಲೇ ನಿಂತು ಆವಿಯಾಗಿರುತ್ತದೆ.

ಸುತ್ತಲಿನ ಎರಡು ಮೂರು ಪುಸ್ತಕಗಳ ಜೊತೆ ನಿಮ್ಮದನ್ನು ಹೋಲಿಸುವುದು ಕೊನೆಯ ತಪಾಸಣೆ. ನಿಮ್ಮ ಮಳೆ ಅವರದರ 90% ಇದ್ದದ್ದು ಒಂದು ವರ್ಷದಿಂದ ಇದ್ದಕ್ಕಿದ್ದಂತೆ 75%ಕ್ಕೆ ಇಳಿದು ಅಲ್ಲೇ ನಿಂತರೆ, ಬದಲಾದದ್ದು ಆಕಾಶವಲ್ಲ. ಮಾಪಕ, ಗಾಜು ಅಥವಾ ರೈಟರ್.

8. ಮೊಬೈಲ್‌ನಲ್ಲಿ 70% ಮಳೆ ಎಂದಿತ್ತು. ಒಂದು ಹನಿ ಬರಲಿಲ್ಲ. ಸುಳ್ಳಲ್ಲವೇ?

70% ಎಂದರೆ ಅಂಥ ಹತ್ತು ದಿನಗಳಲ್ಲಿ ಮೂರು ದಿನ ಬರುವುದಿಲ್ಲ ಎಂದೂ ಅರ್ಥ. ಅದರ ಮೇಲೆ, ಮೊಬೈಲ್ ತೋರಿಸುವುದು ನಿಮ್ಮ ಊರಿನ ಅಳತೆಯಲ್ಲ. ಹಲವು ಕಿಲೋಮೀಟರ್ ಅಗಲದ ಚೌಕಕ್ಕೆ ಕಂಪ್ಯೂಟರ್ ಹಾಕಿದ ಅಂದಾಜು. ಬಾಬಾಬುಡನ್‌ಗಿರಿಯ ಒಂದು ಮಗ್ಗುಲಲ್ಲಿ ಮಳೆ ಸುರಿಯುತ್ತಿದ್ದರೆ ಇನ್ನೊಂದು ಮಗ್ಗುಲಲ್ಲಿ ಬಿಸಿಲು ಇರುವ ನಮ್ಮಂಥ ಕಡೆ ಆ ಚೌಕ ತೀರಾ ದೊಡ್ಡದು. ಬಿದ್ದ ಮಳೆಯ ನಿಜ ಅಂಕಿ ಬೇಕಿದ್ದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಸ್ವಯಂಚಾಲಿತ ಮಾಪಕಗಳನ್ನು ನೋಡಿ. ಮುಂದಿನ ಐದು ದಿನಕ್ಕೆ ಮಂಗಳವಾರ ಮತ್ತು ಶುಕ್ರವಾರ ಬರುವ ಕೃಷಿ ಹವಾಮಾನ ವರದಿ ವಾಸಿ, ‘ಮೇಘದೂತ್’ ಆ್ಯಪ್‌ನಲ್ಲಿ ಸಿಗುತ್ತದೆ. ಸಿಡಿಲಿಗೆ ‘ದಾಮಿನಿ’.

ಇಲಾಖೆಯ ಮಾತಿನಲ್ಲಿ ಪ್ರತಿ ಪದಕ್ಕೂ ಅಳತೆ ಇದೆ. ‘ಒಂದೆರಡು ಕಡೆ’ ಎಂದರೆ ಜಿಲ್ಲೆಯ ಕಾಲುಭಾಗದೊಳಗಿನ ಕೇಂದ್ರಗಳಲ್ಲಿ, ‘ಕೆಲವೆಡೆ’ ಎಂದರೆ ಅರ್ಧದೊಳಗೆ, ‘ಹಲವೆಡೆ’ ಎಂದರೆ ಮುಕ್ಕಾಲಿನೊಳಗೆ. ‘ಭಾರಿ’ ಎಂದರೆ ದಿನಕ್ಕೆ 64.5ರಿಂದ 115.5 ಮಿ.ಮೀ., ಅಂದರೆ ಎರಡೂವರೆಯಿಂದ ನಾಲ್ಕೂವರೆ ಇಂಚು. ‘ಅತಿ ಭಾರಿ’ 204.4ರವರೆಗೆ, ಅದನ್ನು ಮೀರಿದರೆ ‘ಅತ್ಯಂತ ಭಾರಿ’. ಚಿಕ್ಕಮಗಳೂರು ಜಿಲ್ಲೆಗೆ ಆರೆಂಜ್ ಅಲರ್ಟ್ ಎಂದರೆ ಶೃಂಗೇರಿ, ಕೊಪ್ಪ, ಮೂಡಿಗೆರೆಯ ಕಾರಣಕ್ಕೆ ಇರಬಹುದು. ಕಡೂರಿನಲ್ಲಿ ಅಂದು ಬಟ್ಟೆ ಒಣಗಿದರೆ ಮುನ್ಸೂಚನೆ ತಪ್ಪಿತು ಎಂದಲ್ಲ.

9. ಎಲ್ ನಿನೋ ಬಂದರೆ ಬರ ಗ್ಯಾರಂಟಿಯೇ?

ಇಲ್ಲ. ಶಾಂತಸಾಗರದ ನಡು ಮತ್ತು ಪೂರ್ವ ಭಾಗದ ನೀರು ಬಿಸಿಯಾಗುವ ಎಲ್ ನಿನೋ ನಮ್ಮ ಮುಂಗಾರು ದುರ್ಬಲವಾಗುವ ಸಾಧ್ಯತೆ ಹೆಚ್ಚಿಸುತ್ತದೆ, ಅಷ್ಟೇ. 2002, 2009, 2015, 2023ರಲ್ಲಿ ಹಾಗಾಯಿತು. 1997ರಲ್ಲಿ ಶತಮಾನದ ಪ್ರಬಲ ಎಲ್ ನಿನೋಗಳಲ್ಲೊಂದು ಇದ್ದರೂ ದೇಶಕ್ಕೆ ಸಾಮಾನ್ಯ ಮಳೆಯಾಯಿತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿ ಪೂರ್ವ ತಣ್ಣಗಿದ್ದರೆ ಅದು ನಮಗೆ ಅನುಕೂಲ. 2019ರಲ್ಲಿ ಆ ಸ್ಥಿತಿ ಜೋರಾಗಿತ್ತು. ಇವೆಲ್ಲ ಒಂದೆರಡು ವರ್ಷದಲ್ಲಿ ಬಂದುಹೋಗುವ ಏರಿಳಿತ. ಎಲ್ ನಿನೋ ವರ್ಷದ ಬರವನ್ನು ದೀರ್ಘಕಾಲದ ಬದಲಾವಣೆಯ ಖಾತೆಗೆ ಪೂರ್ತಿ ಬರೆಯಬಾರದು.

10. ನಕ್ಷತ್ರದ ಮಳೆಗಳು ಹಿಂದಿನಂತೆ ಬರುತ್ತಿಲ್ಲವಲ್ಲ?

‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’ ಎಂಬಂಥ ಗಾದೆಗಳು ತಲೆಮಾರುಗಳ ಗಮನಿಕೆಯಿಂದ ಬಂದವು. ಒಂದು ರೀತಿಯಲ್ಲಿ ಅವೂ ವಾಯುಗುಣದ ದಾಖಲೆಯೇ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು–ಹದಿನಾಲ್ಕು ದಿನ ಇರುತ್ತಾನೆ. ಭರಣಿ ಏಪ್ರಿಲ್ ಕೊನೆಗೆ, ಆರಿದ್ರಾ ಜೂನ್ 22ರ ಸುಮಾರಿಗೆ ಹುಟ್ಟುತ್ತದೆ. ಆದರೆ ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಈ ತಾರೀಕುಗಳು ಋತುವಿಗೆ ಹೋಲಿಸಿದರೆ ಸುಮಾರು 72 ವರ್ಷಕ್ಕೆ ಒಂದು ದಿನ ಮುಂದೆ ಸರಿಯುತ್ತವೆ. ಐನೂರು ವರ್ಷದ ಹಿಂದಿನ ಗಾದೆಯಾದರೆ ಒಂದು ವಾರದ ವ್ಯತ್ಯಾಸ. ಅಜ್ಜನ ಕಾಲಕ್ಕೂ ನಮಗೂ ಒಂದು ದಿನ ಮಾತ್ರ. ಹಾಗಾಗಿ ನಲವತ್ತು ವರ್ಷದಲ್ಲಿ ಆದ ಬದಲಾವಣೆಗೆ ಪಂಚಾಂಗವನ್ನು ದೂರುವಂತಿಲ್ಲ. ನಿಮ್ಮ ಪುಸ್ತಕವನ್ನು ತಿಂಗಳ ಬದಲು ನಕ್ಷತ್ರವಾರು ಮೊತ್ತ ಮಾಡಿದರೆ ಮನೆಯ ಹಿರಿಯರೂ ಆಸಕ್ತಿಯಿಂದ ನೋಡುತ್ತಾರೆ.

11. ಹೇಮಾವತಿ ಡ್ಯಾಂ ತುಂಬಿದೆ. ಇನ್ನೆಲ್ಲಿಯ ಬರ?

ಗೊರೂರಿನ ಈ ಜಲಾಶಯಕ್ಕೆ ನೀರು ಬರುವುದು ಮೂಡಿಗೆರೆ, ಸಕಲೇಶಪುರದ ಮಲೆಗಳಿಂದ. ಅರಸೀಕೆರೆ, ಕಡೂರಿನ ಮಳೆಗೂ ಅದಕ್ಕೂ ಸಂಬಂಧವಿಲ್ಲ. ಘಟ್ಟದ ಅಂಚಿನಲ್ಲಿ ವರ್ಷಕ್ಕೆ 2,000 ಮಿ.ಮೀ. ದಾಟಿದರೆ, ಮಳೆನೆರಳಿನ ಈ ಬಯಲುಸೀಮೆಯಲ್ಲಿ 600–700ರ ಆಸುಪಾಸು. ಡ್ಯಾಂ ತುಂಬಿ ಹರಿಯುವಾಗಲೇ ಅರಸೀಕೆರೆಯಲ್ಲಿ ತೆಂಗು ಒಣಗುವುದು ವಿಚಿತ್ರವಲ್ಲ. ಲಕ್ಕವಳ್ಳಿಯ ಭದ್ರಾಗೂ ಇದೇ ಮಾತು.

12. ಗುಡ್ಡ ಕುಸಿಯುವುದು ಹವಾಮಾನ ಬದಲಾವಣೆಯಿಂದಲೇ?

2018ರ ಆಗಸ್ಟ್‌ನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗ ಕುಸಿದು ರೈಲು ನಿಂತಿತು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜಾರಿತು. 2024ರ ಜುಲೈಯಲ್ಲಿ ಶಿರಾಡಿ ಹೆದ್ದಾರಿಯೂ ಅದೇ ರೈಲುಮಾರ್ಗವೂ ಮತ್ತೆ ಮುಚ್ಚಿದವು. ಮೂರು ಸಲವೂ ದಿನಗಟ್ಟಲೆ ಸುರಿದು ಮಣ್ಣು ನೀರು ಕುಡಿದು ಭಾರವಾದ ಮೇಲೆ ಆದದ್ದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು 7% ಹೆಚ್ಚು ನೀರಾವಿ ಹಿಡಿಯಬಲ್ಲದು, ಆದ್ದರಿಂದ ಸುರಿದಾಗ ಜೋರಾಗಿ ಸುರಿಯುವ ಸಾಧ್ಯತೆ ಏರಿದೆ. ಆದರೆ ಇಳಿಜಾರನ್ನು ನೆಟ್ಟಗೆ ಗೋಡೆಯಂತೆ ಕಡಿದದ್ದು, ನೀರು ಹೋಗುವ ಹಳ್ಳಕ್ಕೆ ಮಣ್ಣು ಸುರಿದದ್ದು, ಮೇಲಿನ ಚರಂಡಿ ಕಟ್ಟಿಕೊಂಡದ್ದು ಮನುಷ್ಯರ ಕೈಕೆಲಸ. ಎಲ್ಲವನ್ನೂ ಆಕಾಶದ ತಲೆಗೆ ಕಟ್ಟಿದರೆ ಗುತ್ತಿಗೆದಾರನಿಗೆ ಅನುಕೂಲ.

13. ಹಾಗಾದರೆ ಖಚಿತವಾಗಿ ಬದಲಾಗಿರುವುದು ಏನು?

ಪ್ರಪಂಚದ ಉಷ್ಣಾಂಶ: 1850–1900ಕ್ಕೆ ಹೋಲಿಸಿದರೆ 2010–19ರ ದಶಕದಲ್ಲಿ ಮನುಷ್ಯರಿಂದ ಆದ ಏರಿಕೆ ಸುಮಾರು 1.07 ಡಿಗ್ರಿ. 2024 ಒಂದೇ ವರ್ಷ 1.55 ಮುಟ್ಟಿತು, ಅದರಲ್ಲಿ ಎಲ್ ನಿನೋ ಪಾಲೂ ಇದೆ. ದೇಶದ ಮುಂಗಾರು ಮಳೆ 1951–2015ರ ನಡುವೆ ಸುಮಾರು 6% ಇಳಿದಿದೆ. ಹೆಚ್ಚು ಇಳಿದ ಕಡೆಗಳಲ್ಲಿ ಗಂಗಾ ಬಯಲಿನ ಜೊತೆ ಪಶ್ಚಿಮಘಟ್ಟವೂ ಸೇರಿದೆ. ಅದೇ ಕಾಲದಲ್ಲಿ ಮಧ್ಯಭಾರತದಲ್ಲಿ ದಿನಕ್ಕೆ 150 ಮಿ.ಮೀ. ದಾಟುವ ಮಳೆಗಳು ಸುಮಾರು 75% ಹೆಚ್ಚಿವೆ. ಒಟ್ಟು ಇಳಿದು ಆರ್ಭಟ ಏರುವುದು ಒಂದಕ್ಕೊಂದು ವಿರುದ್ಧವಲ್ಲ. ಉಷ್ಣಾಂಶದ ಏರಿಕೆಯನ್ನು ಕಣ್ಣುಮುಚ್ಚಿ ನಂಬಬಹುದು. ಒಂದು ಹೋಬಳಿಯ ಮಳೆ ಮುಂದೆ ಏರುತ್ತದೋ ಇಳಿಯುತ್ತದೋ ಎಂದು ಗಟ್ಟಿಯಾಗಿ ಹೇಳುವವರನ್ನು ಮಾತ್ರ ಎರಡು ಸಲ ಪ್ರಶ್ನಿಸಿ.

14. ತೋಟದ ನೆರಳು ಮರ ಕಡಿದದ್ದರಿಂದಲೇ ಮಳೆ ಕಡಿಮೆಯಾಯಿತೇ?

ನಮ್ಮ ಮುಂಗಾರಿನ ಬಹುಪಾಲು ಅರಬ್ಬೀ ಸಮುದ್ರದ ತೇವ. ಒಂದು ತೋಟದ ಮರ ಅದನ್ನು ಕರೆಯುವುದೂ ಇಲ್ಲ, ತಡೆಯುವುದೂ ಇಲ್ಲ. ಆದರೆ ನೆರಳು ತೆಗೆದರೆ ಮಾರ್ಚ್‌ನಲ್ಲಿ ಗಿಡದ ಮಟ್ಟದ ಬಿಸಿ ಏರುತ್ತದೆ, ಮಣ್ಣು ಬೇಗ ಒಣಗುತ್ತದೆ, ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಕಾಟ ಜಾಸ್ತಿಯಾಗುತ್ತದೆ. ಅದೇ ಮಳೆ ಬಂದರೂ ಕಡಿಮೆ ಬಂದಂತೆ ಅನ್ನಿಸುತ್ತದೆ.

15. ಯಾವ ಕೆಲಸಕ್ಕೆ ಯಾವ ಮಾಹಿತಿ ಹಿಡಿಯಬೇಕು?

ಔಷಧಿ ಹೊಡೆಯುವುದು, ಗೊಬ್ಬರ ಹಾಕುವುದು, ಕಣಕ್ಕೆ ಟಾರ್ಪಾಲ್ ಹೊದಿಸುವುದಕ್ಕೆ ಐದು ದಿನದ ಮುನ್ಸೂಚನೆ ಸಾಕು. ಈ ಸಲ ರಾಗಿಯೋ ಬೇರೆ ಬೆಳೆಯೋ ಎನ್ನುವುದಕ್ಕೆ ಏಪ್ರಿಲ್ ನಡುವಿನಲ್ಲೂ ಮೇ ಕೊನೆಯಲ್ಲೂ ಬರುವ ಮುಂಗಾರು ಅಂದಾಜನ್ನು ನೋಡಬಹುದು. ಆದರೆ ಅದು ದೇಶಕ್ಕೆ ಹೇಳಿದ್ದು, ನಿಮ್ಮ ಹೊಲಕ್ಕೆ ಅಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಗೆ ನಿಮ್ಮ ಪುಸ್ತಕ ನಡೆಯುವುದಿಲ್ಲ, ಪಂಚಾಯಿತಿಗೆ ಗೊತ್ತುಪಡಿಸಿದ ಮಾಪಕದ ಅಂಕಿಯೇ ಲೆಕ್ಕ. ಅದು ಯಾವ ಜಾಗದಲ್ಲಿದೆ, ಕೆಲಸ ಮಾಡುತ್ತಿದೆಯೇ ಎಂದು ಕಂತು ಕಟ್ಟುವ ಮುಂಚೆ ಹೋಗಿ ನೋಡಿ.

ಇಪ್ಪತ್ತು ಮೂವತ್ತು ವರ್ಷ ಬಾಳುವ ಕೆಲಸಕ್ಕೆ ಮಾತ್ರ ದೀರ್ಘಕಾಲದ ಲೆಕ್ಕ: ಯಾವ ತಳಿ, ಎಷ್ಟು ನೆರಳು, ಚರಂಡಿ ಎಷ್ಟು ಅಗಲ, ಕೆರೆ ಎಷ್ಟು ದೊಡ್ಡದು. ಚರಂಡಿಯನ್ನು ಸರಾಸರಿ ದಿನದ ಮಳೆಗಲ್ಲ, ಪುಸ್ತಕದ ಅತಿ ದೊಡ್ಡ ಐದು ದಿನಗಳಿಗೆ ತಕ್ಕಂತೆ ತೆಗೆಯಿರಿ. ಕೆರೆಯ ಲೆಕ್ಕ ಹೂಮಳೆಯಿಂದ ಶುರುವಾಗಲಿ. ಒಂದು ಎಕರೆಗೆ ಸ್ಪ್ರಿಂಕ್ಲರ್‌ನಲ್ಲಿ ಒಂದಿಂಚು ಕೊಡಲು ಸುಮಾರು ಒಂದು ಲಕ್ಷ ಲೀಟರ್ ಬೇಕು. ಮೇಲ್ಭಾಗ 21 ಮೀಟರ್ ಉದ್ದ, 21 ಅಗಲ, 3 ಮೀಟರ್ ಆಳ, ಬದಿ ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಸರಿಯುವ ಇಳಿಜಾರಿನ ಹೊಂಡದಲ್ಲಿ 9.8 ಲಕ್ಷ ಲೀಟರ್ ನಿಲ್ಲುತ್ತದೆ. ಆವಿ, ಇಂಗು, ಪೈಪಿನ ಸೋರಿಕೆ ಕಳೆದರೆ ಏಳೆಂಟು ಎಕರೆಗೆ ಒಂದು ಸುತ್ತು. ರೊಬಸ್ಟಾಗೆ ಎರಡು–ಮೂರು ವಾರದೊಳಗೆ ಬ್ಯಾಕಿಂಗ್ ನೀರೂ ಬೇಕು ಎಂಬುದನ್ನು ಮರೆತು ಒಂದೇ ಸುತ್ತಿಗೆ ಹೊಂಡ ತೋಡಿದವರು ಮಾರ್ಚ್ ಕೊನೆಗೆ ಟ್ಯಾಂಕರ್ ಹುಡುಕುತ್ತಾರೆ. ನಿಮ್ಮ ಪುಸ್ತಕದ ಮೂವತ್ತು ವರ್ಷದಲ್ಲಿ ಹೂಮಳೆ ಕೈಕೊಟ್ಟದ್ದು ಎಷ್ಟು ಸಲ, ಬ್ಯಾಕಿಂಗ್ ಕೈಕೊಟ್ಟದ್ದು ಎಷ್ಟು ಸಲ ಎಂದು ಬೇರೆ ಬೇರೆ ಎಣಿಸಿ, ಆಮೇಲೆ ಜೆಸಿಬಿಗೆ ಹೇಳಿ.